ಕತ್ತೆಯ ನಡತೆ

ಕಚೇರಿಯಲ್ಲಿ ಅವಳಿಗೆ ಇಟ್ಟ ಹೆಸರು ಇಲ್ಲಮ್ಮ. ಏನೇ ಕೇಳಿದರೂ ಮೊದಲು ಬಾಯಿಂದ ಹೊರಡುವುದು 'ಇಲ್ಲ'. ಇವತ್ತೇ ಮುಗಿಯತ್ತಾ ಅಕ್ಕಾ ಎಂದರೆ ಇಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳೋಕಾಗತ್ತಾ ಎಂದರೆ ಇಲ್ಲ. ಟೀ ಕುಡೀತೀರಾ ಎಂದರೆ ಅದಕ್ಕೂ ಇಲ್ಲ; ಆಮೇಲೆ ತಾನೇ ಎದ್ದು ಹೋಗಿ ಲೋಟದ ಕಂಠದವರೆಗೆ ಬಗ್ಗಿಸಿಕೊಂಡು ಬರುವಳು. ಹಿಂದಿನಿಂದ ಆಡುತ್ತಿದ್ದ ಈ ಹೆಸರು ಒಮ್ಮೆ ಅವಳ ಕಿವಿಗೇ ಬಿತ್ತು. ಎಲ್ಲರೂ ಕುತ್ತಿಗೆ ಕುಗ್ಗಿಸಿ ಕುಳಿತರು. ಅವಳು ಪರದೆಯಿಂದ ಕಣ್ಣು ಕೀಳದೆ, "ಹೌದಮ್ಮ ಅನ್ನಿಸ್ಕೊಳ್ಳೋದಕ್ಕಿಂತ ಎಷ್ಟೋ ವಾಸಿ," ಅಂದಳು. ಅಲ್ಲಿಂದ ಮುಂದೆ ಆ ಹೆಸರನ್ನು ಎದುರಿಗೇ ಕರೆಯತೊಡಗಿದರು.

ಕಚೇರಿ ಎಂದರೆ ಟೈರು ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಬುಸುಗುಟ್ಟಿದಾಗಲೆಲ್ಲ ಮೇಲೆ ಮೇಜಿನ ಮೇಲಿನ ಪೆನ್ನುಗಳು ಸಣ್ಣಗೆ ನಡುಗುತ್ತವೆ. ಮೆಟ್ಟಿಲು ಹತ್ತಿ ಬಂದವರ ಬಟ್ಟೆಗೆ ರಬ್ಬರಿನ ವಾಸನೆ ಅಂಟಿಕೊಂಡು ಮನೆಯವರೆಗೂ ಹೋಗುತ್ತದೆ. ಇಲ್ಲಿ ಯುದ್ಧವಿಮಾನಗಳು ತಯಾರಾಗುತ್ತವೆ ಎಂದರೆ ಟೈರು ಅಂಗಡಿಯವನೇ ನಗುತ್ತಾನೆ. ತಯಾರಾಗುವುದು ನಿಜ, ಆದರೆ ಕಂಪ್ಯೂಟರಿನೊಳಗೆ. ಆಕಾಶದಿಂದ ಎಂದೋ ಇಳಿದು ಹೋದ, ಪ್ರೊಪೆಲ್ಲರ್ ತಿರುಗಿಸುತ್ತಿದ್ದ ಹಳೆಯ ವಿಮಾನಗಳು. ಮನೆಯಲ್ಲಿ ಕೂತು ಸಿಮ್ಯುಲೇಟರಿನಲ್ಲಿ ಹಾರಿಸುವ ಹುಚ್ಚಿನವರು ಅವನ್ನು ಕೊಳ್ಳುತ್ತಾರೆ. ಒಬ್ಬ ವಿಮಾನದ ಮೈ ಬಿಡಿಸುತ್ತಾನೆ, ಬಣ್ಣ ಎದ್ದುಹೋದ ಕಡೆಯನ್ನೂ ಬಿಡದೆ. ಇನ್ನೊಬ್ಬಳು ಎಂಜಿನ್ನಿನ ಸದ್ದು ಜೋಡಿಸುತ್ತಾಳೆ. ಇಲ್ಲಮ್ಮನ ಪಾಲಿಗೆ ಬಂದದ್ದು ಕಣ್ಣಿಗೆ ಕಾಣದ ಭಾಗ. ರೆಕ್ಕೆಗೆ ಯಾವ ವೇಗದಲ್ಲಿ ಎಷ್ಟು ಬಲ, ಸ್ಟಿಕ್ಕನ್ನು ಎಳೆದರೆ ಮೂಗು ಎಷ್ಟು ಬೇಗ ಏಳಬೇಕು, ಕಾಲಿನ ಪೆಡಲು ಒತ್ತಿದರೆ ಬಾಲ ಎತ್ತ ಹೊರಳಬೇಕು, ಇವೆಲ್ಲವನ್ನೂ ಲೆಕ್ಕದಲ್ಲಿ ಕೂರಿಸುವುದು. ಅದಕ್ಕೆ ಅವರ ಕಚೇರಿಯ ಮಾತು 'ನಡತೆ'. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ, ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಗಿರಾಕಿಗಳು ಕೇಳಿದರೆ, "ವಿಮಾನಗಳಿಗೆ ನಡತೆ ಸರ್ಟಿಫಿಕೇಟ್ ಕೊಡ್ತಾಳೆ," ಎನ್ನುತ್ತಿದ್ದ.

ಆ ವರ್ಷ ಅವರು ಕೈಗೆತ್ತಿಕೊಂಡ ವಿಮಾನಕ್ಕೆ, ಅದನ್ನು ಹಾರಿಸಿದವರು ಇಟ್ಟಿದ್ದ ಅಡ್ಡಹೆಸರು 'ಕತ್ತೆ'. ಮೇಲೆ ಹೋದರೆ ಹೇಳಿದ ಮಾತು ಕೇಳುತ್ತಿತ್ತಂತೆ, ನೆಲ ಮುಟ್ಟಿದೊಡನೆ ಝಾಡಿಸಿ ಒದೆಯುತ್ತಿತ್ತಂತೆ.

ಕಚೇರಿಯ ಮಾಲೀಕ ಆ ಹೆಸರು ಹೇಳಿದಾಗ ಇಲ್ಲಮ್ಮನ ಬಾಯಿಂದ ಎಂದಿನ ಇಲ್ಲ ಕೂಡ ಬರಲಿಲ್ಲ. ಸುಮ್ಮನೆ ಚೀಲ ಎತ್ತಿಕೊಂಡು ಮನೆಗೆ ನಡೆದಳು. ಅವಳ ಮಾವ ಸತ್ತದ್ದು ಕತ್ತೆಯಲ್ಲಿ.

ಅವಳು ಆ ಮನೆಗೆ ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲಿನ ಮಾತು ಅದು. ಅವಳ ಗಂಡ ಆಗಿನ್ನೂ ತೊಟ್ಟಿಲ ಕೂಸು. ಪೈಲಟ್ ಆಗಿದ್ದ ಮಾವ ವಿಮಾನವನ್ನು ಚೆನ್ನಾಗಿಯೇ ಇಳಿಸಿದ್ದರು. ಗಾಲಿ ನೆಲ ಮುಟ್ಟಿ ಓಡುತ್ತಿದ್ದಾಗ ವಿಮಾನ ಇದ್ದಕ್ಕಿದ್ದಂತೆ ಗಿರಕಿ ಹೊಡೆಯಿತು. ರೆಕ್ಕೆ ನೆಲಕ್ಕೆ ತಗಲಿ ಮಗುಚಿತು. ವಿಚಾರಣೆ ನಡೆಸಿದವರು ಒಂದೇ ಒಂದು ಶಬ್ದ ಬರೆದು ಕೈತೊಳೆದುಕೊಂಡರು: ಅಜಾಗರೂಕತೆ. ಆ ಶಬ್ದ ಮನೆಗೆ ಬಂದು ಠಿಕಾಣಿ ಹೂಡಿತು. ಅತ್ತೆ ಗ್ಯಾಸಿನ ಗುಂಡಿಯನ್ನು ಆರಿಸಿ, ಮತ್ತೆ ಬಂದು ಮುಟ್ಟಿ ನೋಡುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ಜಗ್ಗಿ, ಬೀದಿ ತುದಿಗೆ ಹೋದವರು ಹಿಂದಿರುಗಿ ಇನ್ನೊಮ್ಮೆ ಜಗ್ಗುತ್ತಿದ್ದರು. ಮಗ ಗಾಜಿನ ಲೋಟ ಹಿಡಿದರೂ 'ಹುಷಾರು', ಸೈಕಲ್ಲು ಮುಟ್ಟಿದರೂ 'ಹುಷಾರು'. ಅಪ್ಪನ ಹಾಗೆ ಅನ್ನಿಸಿಕೊಳ್ಳಬೇಡ ಎಂದು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಗ ಇವತ್ತಿಗೂ ಕನ್ನಡಕದ ಸಣ್ಣ ಸ್ಕ್ರೂ ಬಿಗಿ ಮಾಡಿ ಗಿರಾಕಿಗೆ ಕೊಡುವ ಮುನ್ನ ಉಗುರಿನಿಂದ ಒತ್ತಿ ನೋಡುತ್ತಾನೆ.

ಇಂಥ ಮನೆಯ ಅಡುಗೆಕೋಣೆಯಲ್ಲಿ ನಿಂತು ಅವಳು ಕತ್ತೆಯ ಹೆಸರು ಎತ್ತಿದಳು. ಎಂಬತ್ತು ದಾಟಿದ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು.

"ನಾನು ಆಗಲ್ಲ ಅಂತ ಹೇಳ್ತೀನಿ ಅತ್ತೆ. ಬೇರೆ ಯಾರಾದ್ರೂ ಮಾಡ್ಲಿ."

"ಬೇರೆಯವ್ರು ಮಾಡಿದ್ರೆ ಹೇಗ್ ಮಾಡ್ತಾರೆ?"

"ಸುಲಭ ಮಾಡ್ತಾರೆ. ಜನಕ್ಕೆ ಸುಲಭ ಬೇಕಲ್ಲ."

ಅತ್ತೆ ನಾರನ್ನು ಬಟ್ಟಲಿನ ಅಂಚಿಗೆ ಒರೆಸಿದರು. "ಹಾಗಾದ್ರೆ ಮನೇಲಿ ಕೂತ್ಕೊಂಡು ಆಟ ಆಡೋ ಮಕ್ಕಳು ಕೂಡ ಅದನ್ನ ನೆಟ್ಟಗೆ ಇಳಿಸ್ತಾರೆ. ಇಳಿಸಿ, ಇಷ್ಟು ಸಸಾರ ಇರೋದನ್ನ ಆ ಮನುಷ್ಯ ಯಾಕೆ ಮಗುಚ್ಕೊಂಡ ಅಂತಾರೆ. ಅಲ್ವಾ?"

ಅವಳೂ ಒಂದು ಬೀನ್ಸು ಎತ್ತಿಕೊಂಡು ನಾರು ತೆಗೆಯತೊಡಗಿದಳು.

"ನೀನೇ ಮಾಡು ಕಣೇ," ಅಂದರು ಅತ್ತೆ. "ಎಲ್ಲದಕ್ಕೂ ಇಲ್ಲ ಅಂತೀಯಂತೆ, ಇದಕ್ಕೊಂದು ಹೂಂ ಅನ್ನು."

ಅವಳು ಹೂಂ ಅಂದಳು. ಮಾವನ ಮೇಲಿನ ಆ ಒಂದು ಶಬ್ದವನ್ನು ಅಳಿಸಲು ಅವಳಿಂದ ಆಗದು. ಅದನ್ನು ಬರೆದವರೂ ಈಗ ಉಳಿದಿಲ್ಲ. ಆದರೆ ಕತ್ತೆ ಹೇಗಿತ್ತೋ ಹಾಗೇ ಜನರ ಕೈಗೆ ಹೋದರೆ, ಆ ಸೀಟಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಕತ್ತೆಗೆ ಮುಂದೆ ಎರಡು ದೊಡ್ಡ ಗಾಲಿ, ಬಾಲದ ಅಡಿ ಒಂದು ಪುಟ್ಟ ಗಾಲಿ. ಭಾರವೆಲ್ಲ ಮುಂದಿನ ಗಾಲಿಗಳಿಗಿಂತ ಹಿಂದೆ. ಅಂಗಡಿಯ ತಳ್ಳುಗಾಡಿಯನ್ನು ಹಿಂದುಮುಂದಾಗಿ ಹಿಡಿದು ಇಳಿಜಾರಿನಲ್ಲಿ ಓಡಿದವರಿಗೆ ಇದು ಅರ್ಥವಾಗುತ್ತದೆ. ನೆಟ್ಟಗೆ ಇರುವವರೆಗೆ ಎಲ್ಲ ಸರಿ. ಒಂದು ಚೂರು ವಾಲಿದರೆ ಹಿಂಭಾಗ ಮುಂಭಾಗವನ್ನು ದಾಟಿ ಹೋಗಲು ಹವಣಿಸುತ್ತದೆ. ಅದರ ಮೇಲೆ ಪಕ್ಕದಿಂದ ಗಾಳಿ ಬೀಸಿದರೆ ಕೇಳುವುದೇ ಬೇಡ. ಪೈಲಟನಿಗೆ ಎದುರಿಗೆ ಕಾಣುವುದು ಎಂಜಿನ್ನಿನ ಉದ್ದ ಮೂಗು ಮಾತ್ರ. ರನ್‌ವೇ ಎರಡೂ ಬದಿಯಲ್ಲಿ ಓರೆಗಣ್ಣಿಗೆ ಸಿಕ್ಕಷ್ಟೇ.

ಮೊದಲ ಪ್ರತಿ ತಯಾರಾಗಿ ಪರೀಕ್ಷೆಗೆ ಹೋಯಿತು. ಪರೀಕ್ಷಿಸುವವರು ಹಣ ಪಡೆಯದ ಹವ್ಯಾಸಿಗಳು. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಫೋನು ಮಾಡಿ, "ಬುದ್ಧಿಹಲ್ಲು ಕೀಳೋದು ಇದಕ್ಕಿಂತ ಸುಲಭ ಕಣ್ರೀ. ಅದರಲ್ಲಿ ರೋಗಿ ಆದ್ರೂ ಒದೆಯಲ್ಲ," ಅಂದ. ಉಳಿದವರೂ ಅದೇ ರಾಗ. ಇಳಿಸಲು ಆಗುತ್ತಲೇ ಇಲ್ಲ, ಪ್ರತಿ ಸಲವೂ ಮಗುಚುತ್ತದೆ.

ಮಾಲೀಕ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡ. ವಯಸ್ಸಿನಲ್ಲಿ ಚಿಕ್ಕವನು, ಅವಳನ್ನು ಅಕ್ಕಾ ಎನ್ನುವವನು. ಅವಳು ಅವನನ್ನು ಧಣಿ ಎಂದು ಕರೆಯುತ್ತಿದ್ದಳು, ಅದರಲ್ಲಿ ಗೌರವಕ್ಕಿಂತ ಕಾಲೆಳೆಯುವುದೇ ಜಾಸ್ತಿ.

"ಸ್ವಲ್ಪ ಮೆತ್ತಗೆ ಮಾಡಣ ಅಕ್ಕಾ."

"ಇಲ್ಲ."

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು."

"ಮಾಡ್ಕೋತೀನಿ. ಕೇಳಿ ಧಣಿ."

ಅವಳ ಮಾವನ ಕಥೆ ಗೊತ್ತಿದ್ದ ಅವನು ದನಿ ತಗ್ಗಿಸಿದ. "ಈ ಒದೆ ವಿಮಾನದ್ದಾ, ನಿಮ್ಮ ಮನೇದಾ?"

ಕೆಳಗೆ ಗಾಳಿಯಂತ್ರ ಬುಸುಗುಟ್ಟಿ ನಿಂತಿತು. ಅವಳಿಗೆ ಕೆನ್ನೆ ಬಿಸಿಯಾಯಿತು, ಸಿಟ್ಟಿಗಿಂತ ಹೆಚ್ಚಾಗಿ ಬೇರೆ ಕಾರಣಕ್ಕೆ. ಬಾಲದ ಗಾಲಿಯ ನಕ್ಷೆ ಎಲ್ಲಿಯೂ ಸಿಕ್ಕಿರಲಿಲ್ಲ. ಅದು ನೆಲವನ್ನು ಪಕ್ಕಕ್ಕೆ ಎಷ್ಟು ಕಚ್ಚಿ ಹಿಡಿಯುತ್ತದೆ ಎಂಬ ಒಂದು ಅಂಕಿಯನ್ನು ಅವಳು ಅಂದಾಜಿನಲ್ಲಿ ಹಾಕಿದ್ದಳು. ಎರಡು ಅಂದಾಜುಗಳಿದ್ದವು. ಅವಳು ಆರಿಸಿದ್ದು ಕತ್ತೆ ಹೆಚ್ಚು ಜೋರಾಗಿ ಒದೆಯುವಂಥದ್ದನ್ನು. ಆರಿಸುವಾಗ ಎರಡನೆಯ ಸಲ ಯೋಚಿಸಿರಲಿಲ್ಲ.

"ಅಳೆದು ಬರ್ತೀನಿ," ಅಂದಳು. "ಆಮೇಲೆ ಮಾತಾಡಣ."

ಅಳೆಯಲು ಲೋಕದಲ್ಲಿ ಉಳಿದಿದ್ದದ್ದು ಒಂದೇ ಕತ್ತೆ. ಊರಾಚೆ, ಹಳೆ ವಿಮಾನಗಳನ್ನು ಇಟ್ಟಿದ್ದ ಹ್ಯಾಂಗರಿನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ಕಿವಿ ಮಂದ, ದನಿ ಮಾತ್ರ ತಗಡಿನ ಸೂರು ಹಾರುವಷ್ಟು. ಎಂಜಿನ್ನು ಹಿಡಿದುಕೊಳ್ಳಬಾರದೆಂದು ಆಗಾಗ ಅದನ್ನು ಚಾಲೂ ಮಾಡಿ ಅಂಗಳದಲ್ಲಿ ಓಡಿಸುತ್ತಿದ್ದ. "ಬನ್ನಿ ಬನ್ನಿ, ಮುದುಕಿ ಇವತ್ತು ಒಳ್ಳೆ ಮೂಡಲ್ಲಿದಾಳೆ," ಎಂದು ಕೂಗಿ ಸ್ವಾಗತಿಸಿದ. ಅವಳು ಬಾಲಕ್ಕೆ ಹಗ್ಗ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೂವರು ಕೆಲಸದವರಿಂದ ಪಕ್ಕಕ್ಕೆ ಜಗ್ಗಿಸಿದಳು. ಬಾಲ ಅಲ್ಲಾಡಲಿಲ್ಲ. ಇನ್ನೂ ಜಗ್ಗಿದರು. ಟೈರು ಕಿರ್ರೆಂದು ಜಾರಿತೇ ಹೊರತು ಗಾಲಿ ಹೊರಳಲಿಲ್ಲ. ಮೇಸ್ತ್ರಿ ಅಂಗಳದಲ್ಲಿ ಓಡಿಸಿ ತೋರಿಸಿದಾಗ ಕತ್ತೆ ಗೆರೆ ಎಳೆದಂತೆ ನೆಟ್ಟಗೆ ಹೋಯಿತು, ನೆಟ್ಟಗೆ ಬಂತು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕುಳಿತಳು. ಹೊರಗೆ ಹೊಲ, ಗೋದಾಮು, ಮತ್ತೆ ಹೊಲ. ಮಾಲೀಕನ ಮಾತು ನಿಜವಾಗಿತ್ತು. ಒದೆ ಅವಳ ಮನೆಯದು.

ಮಾರನೆಯ ದಿನ ಹೊಸ ಅಂಕಿ ಹಾಕಿದಳು. ಕತ್ತೆ ಹಸುವಾಯಿತು. ಹಲ್ಲಿನ ಡಾಕ್ಟರು ಮೊದಲ ಸಲಕ್ಕೇ ಇಳಿಸಿ, ಹೂವಿನ ಚಿತ್ರ ಕಳಿಸಿದ. ಮಾಲೀಕ ಖುಷಿಯಲ್ಲಿ ಪ್ರಕಟಣೆಯನ್ನೂ ಹೊರಡಿಸಿಬಿಟ್ಟ: 'ಯಾರು ಬೇಕಾದರೂ ಹಾರಿಸಬಹುದು, ಯಾರು ಬೇಕಾದರೂ ಇಳಿಸಬಹುದು.' ಅದನ್ನು ಓದಿದೊಡನೆ ಅವಳು ಹಳೆಯ ಅಂಕಿಯ ಕಡತವನ್ನು ಮತ್ತೆ ತೆರೆದಳು. ಆದರೆ ಅಳತೆ ಅಳತೆಯೇ. ಬಂದ ಅಂಕಿ ತನಗೆ ಸರಿ ಕಾಣಲಿಲ್ಲವೆಂದು ಬದಲಿಸುವವಳಾದರೆ ಅವಳಿಗೂ ಆ ವಿಚಾರಣೆ ಬರೆದವರಿಗೂ ಏನು ವ್ಯತ್ಯಾಸ?

ಅತ್ತೆಗೆ ಹೇಳಲೇಬೇಕಿತ್ತು. ಊಟಕ್ಕೆ ಕೂತಾಗ ಹೇಳಿದಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಲೋಟದ ನೀರನ್ನು ಕುಡಿದು ಮುಗಿಸಿದರು. ಆಮೇಲೆ, "ನನ್ನ ಒಂದ್ಸಲ ನಿಮ್ಮ ಆಫೀಸಿಗೆ ಕರ್ಕೊಂಡೋಗು. ಕೂತು ನೋಡ್ತೀನಿ," ಅಂದರು.

"ಅಮ್ಮಾ, ನಿಂಗೆ ಮೆಟ್ಟಿಲು..." ಎಂದ ಮಗ.

"ಹುಷಾರಾಗೇ ಹತ್ತುತೀನಿ ಬಿಡು. ನನಗೆ ಆ ಪಾಠ ಬೇರೆ ಹೇಳ್ಬೇಡ."

ಕಚೇರಿಯ ಹಿಂದಿನ ಕೋಣೆಯಲ್ಲಿ ಪ್ಲೈವುಡ್ಡಿನ ಕಾಕ್‌ಪಿಟ್ ಇತ್ತು. ಸೀಟು ಗುಜರಿಯಿಂದ ತಂದ ಬಸ್ಸಿನದು. ಅತ್ತೆ ಒಬ್ಬರ ಕೈಯನ್ನೂ ಹಿಡಿಯದೆ ಒಳಗೆ ಇಳಿದು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸ್ಟಿಕ್ಕನ್ನು ಎರಡು ಬೆರಳಲ್ಲಿ ಮುಟ್ಟಿದರು. ಇಲ್ಲಮ್ಮ ಪಕ್ಕದಲ್ಲಿ ನಿಂತು ಕೀಲಿಮಣೆಯಿಂದ ತಾನೇ ವಿಮಾನವನ್ನು ಇಳಿಸಿ ತೋರಿಸಿದಳು. ಪರದೆಯ ಮೇಲೆ ಕತ್ತೆ ಮೆಲ್ಲಗೆ ನೆಲ ಮುಟ್ಟಿ, ಸಾಧುವಾಗಿ ಓಡಿ ನಿಂತಿತು.

"ಹೊರಗಿಂದ ಕಾಣೋ ಹಾಗೆ ತೋರ್ಸು," ಅಂದರು ಅತ್ತೆ.

ಅವಳು ತೋರಿಸಿದಳು. ಅತ್ತೆ ಕನ್ನಡಕ ಮೇಲೇರಿಸಿ ಮುಂದಕ್ಕೆ ಬಾಗಿದರು.

"ಅದರ ಬಾಲ ಯಾಕೆ ಹೀಗೆ ಮರಗಟ್ಟಿದೆ?"

"ಅಂದ್ರೆ?"

"ನಿನ್ ಮಾವ ನನ್ನ ಬೇಲಿ ಹತ್ರ ನಿಲ್ಲಿಸಿ, ಶೋಕಿ ಮಾಡೋರು. ಒಬ್ಬರೇ ಹೋಗಿ ಬಾಲಕ್ಕೆ ಸೊಂಟ ಕೊಟ್ಟು ಒಂದು ತಳ್ಳು ತಳ್ಳೋರು. ಅಷ್ಟು ದೊಡ್ಡ ವಿಮಾನ ಗಿರ್ರಂತ ತಿರುಗೋದು, ಗಾಲಿ ಕುರ್ಚಿ ತಿರುಗಿದ ಹಾಗೆ. ತಿರುಗಿಸಿ, ನೋಡ್ದೆಯಾ ನನ್ನ ಶಕ್ತಿ ಅನ್ನೋರು." ಅತ್ತೆಯ ತುಟಿಯಂಚು ಸ್ವಲ್ಪ ಅಲುಗಿತು. "ಶಕ್ತಿ ಎಲ್ಲಿ ಬಂತು? ಊಟಕ್ಕೆ ಕೂತ್ರೆ ಗುಬ್ಬಚ್ಚಿ ಥರ ಕುಕ್ಕೋರು. ಗಾಲಿ ಅಷ್ಟು ಸಲೀಸಾಗಿತ್ತು, ಅಷ್ಟೇ."

ಮೂವರು ಜಗ್ಗಿದರೂ ಹೊರಳದ ಬಾಲ ಇಲ್ಲಮ್ಮನ ಕಣ್ಣ ಮುಂದೆ ಬಂತು.

ಎರಡನೆಯ ಸಲ ಹ್ಯಾಂಗರಿಗೆ ಹೋದಾಗ ಅವಳು ತಕ್ಕಡಿ ಹೊರಗೆ ತೆಗೆಯಲಿಲ್ಲ. ನೇರ ಬಾಲದ ಅಡಿಗೆ ಹೋಗಿ ಸಿಮೆಂಟಿನ ನೆಲದ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟಳು. ಗಾಲಿಯ ಮೇಲೆ ಅಂಗೈಯಗಲದ ಒಂದು ಉಕ್ಕಿನ ಪಟ್ಟಿ, ಅದರೊಳಗೆ ಹೆಬ್ಬೆರಳ ಗಾತ್ರದ ಪಿನ್ನು. ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದಿದ್ದರೆ ಪಿನ್ನು ಕೆಳಗಿಳಿದು ಗಾಲಿಯನ್ನು ನೆಟ್ಟಗೆ ನಿಲ್ಲಿಸಿ ಬೀಗ ಹಾಕುತ್ತದೆ; ನಿಂತಾಗಲೂ ಮೇಸ್ತ್ರಿ ಸ್ಟಿಕ್ಕನ್ನು ಹಿಂದಕ್ಕೆ ಕಟ್ಟಿಯೇ ಇಡುತ್ತಿದ್ದ. ಹೋದ ಸಲವೂ ಇದನ್ನು ನೋಡಿದ್ದಳು, ವಿಮಾನದ ಒಂದು ಅಂಗವೆಂದುಕೊಂಡು ಸುಮ್ಮನಾಗಿದ್ದಳು. ಈಗ ಬೋಲ್ಟುಗಳನ್ನು ನೋಡಿದಳು. ಉಳಿದೆಡೆಯೆಲ್ಲ ಗುಂಡುತಲೆಯ ರಿವೆಟ್ಟುಗಳು ಶಿಸ್ತಾಗಿ ಸಾಲುಗಟ್ಟಿದ್ದವು. ಈ ಪಟ್ಟಿಗೆ ಮಾತ್ರ ಆರುಮೂಲೆಯ ಬೋಲ್ಟು, ತೂತುಗಳೂ ಸೊಟ್ಟ.

"ಇದು ಮೊದಲಿಂದ ಇದ್ದದ್ದಲ್ವಾ?" ಎಂದು ಕೂಗಿದಳು.

ಮೇಸ್ತ್ರಿ ಮಂಡಿಯೂರಿ ಇಣುಕಿದ. "ಬೀಗಾನಾ? ಇಲ್ಲ, ಆಮೇಲೆ ಹಾಕಿದ್ದು. ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಎಲ್ಲಾದಕ್ಕೂ ಹಾಕಿಬಿಟ್ಟಿದ್ರು. ಕೈಯಲ್ಲೇ ಕೊರೆದಿದಾರೆ ನೋಡಿ, ಅವಸರದ ಕೆಲಸ."

"ಯಾಕೆ ಹಾಕಿದ್ರು?"

"ಯಾಕಂದ್ರೆ? ಸುಮಾರು ಮಗುಚಿಕೊಂಡ ಮೇಲೆ ಹಾಕಿರ್ತಾರೆ. ಸುಮ್ನೆ ಕೂತಾಗ ಯಾರು ಹಾಕ್ತಾರೆ ಹೇಳಿ."

ಅವಳು ನೆಲದ ಮೇಲೆ ಹಾಗೇ ಮಲಗಿದ್ದಳು. ಬೆನ್ನಿಗೆ ಸಿಮೆಂಟಿನ ತಣ್ಣನೆ ಏರುತ್ತಿತ್ತು. ಬದುಕಿ ಉಳಿದ ಕತ್ತೆಯನ್ನು ಅಳೆದು, ಸತ್ತ ಕತ್ತೆಗಳ ನಡತೆ ಬರೆದಿದ್ದಳು ಅವಳು. ಉಳಿದದ್ದು ಬೀಗ ಹಾಕಿಸಿಕೊಂಡಿದ್ದರಿಂದ ಉಳಿದಿತ್ತು. ಬೀಗವಿಲ್ಲದೆ ಓಡಿದವು ಇಲ್ಲಿಗೆ ಬಂದು ಅಳತೆ ಕೊಡುವಂತಿರಲಿಲ್ಲ. ಬೀಗ ಹಾಕಿ ಎಂದು ಹುಕುಂ ಹೊರಡಿಸಿದವರಿಗೆ ಗಾಲಿಯ ವಿಷಯ ಗೊತ್ತಾಗಿತ್ತು. ಗೊತ್ತಾದ ಮೇಲೂ ಒಬ್ಬನ ಹೆಸರಿನ ಮುಂದೆ ಬರೆದಿದ್ದ ಒಂದು ಶಬ್ದವನ್ನು ಹೊಡೆದುಹಾಕಲು ಅವರಿಗೆ ಕೈ ಬಂದಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು. ಸ್ವಚ್ಛವಾದ, ಕೈಕಾಲಿಗೆ ಬಲ ಕೊಡುವಂಥ ಸಿಟ್ಟು.

"ಈ ಪಿನ್ನು ತೆಗೀರಿ," ಅಂದಳು ಎದ್ದು ಬಟ್ಟೆ ಕೊಡವಿಕೊಳ್ಳುತ್ತ.

"ಅಯ್ಯೋ, ಮುದುಕಿ ಜಾರಿಬಿಟ್ರೆ?"

"ಜಾರಲಿ. ಅದನ್ನೇ ನೋಡೋಕೆ ಬಂದಿರೋದು."

ಮೇಸ್ತ್ರಿ ಗೊಣಗುತ್ತಲೇ ಮುಂದಿನ ಗಾಲಿಗಳಿಗೆ ಅಡ್ಡ ಮರದ ತುಂಡು ಕೊಟ್ಟು ಪಿನ್ನು ಎಳೆದ. ಇಲ್ಲಮ್ಮ ಚೀಲ ಕೆಳಗಿಟ್ಟು, ಬಾಲಕ್ಕೆ ಸೊಂಟ ಕೊಟ್ಟು ನೂಕಿದಳು. ಮೊದಲು ಏನೂ ಆಗಲಿಲ್ಲ. ಇನ್ನೊಮ್ಮೆ ಉಸಿರು ಕಟ್ಟಿ ನೂಕಿದಾಗ ಗಾಲಿ ತಟ್ಟನೆ ಹೊರಳಿ, ಇಡೀ ಬಾಲ ಅವಳನ್ನು ಬಿಟ್ಟು ತನ್ನ ಪಾಡಿಗೆ ತಾನು ಸರಿದು ಹೋಯಿತು. ಮುಂದಕ್ಕೆ ಮುಗ್ಗರಿಸಿ ಸಾವರಿಸಿಕೊಂಡಳು. ಮೇಸ್ತ್ರಿ ನಗುತ್ತಿದ್ದ. "ಏನ್ ಶಕ್ತಿ ಮೇಡಂ ನಿಮ್ದು!"

ಆಮೇಲೆ ತಕ್ಕಡಿ ಹೊರಬಂತು. ಸಂಜೆಯವರೆಗೆ ಅಳೆದಳು. ಬಂದ ಅಂಕಿ ಅವಳ ಮೊದಲ ಅಂದಾಜಿಗಿಂತ ಸ್ವಲ್ಪ ಸಾಧು, ಹಸುವಾದ ಕತ್ತೆಗಿಂತ ಬಹಳ ಬಹಳ ಒರಟು. ಆ 'ಸ್ವಲ್ಪ ಸಾಧು' ಎಂಬುದನ್ನೂ ಅವಳು ಒಪ್ಪಿಕೊಂಡಳು, ಹಲ್ಲು ಕಚ್ಚಿಕೊಂಡೇ.

ಮಾಲೀಕ ಎರಡೂ ಕೈ ತಲೆಯ ಮೇಲೆ ಹೊತ್ತ. "ಮತ್ತೆ ಮನೆ ಒದೆ ವಾಪಸ್ ಬಂತಾ ಅಕ್ಕಾ? ಪ್ರಕಟಣೆ ಹೋಗಿದೆ. ಫ್ಲೈಯಿಂಗ್ ಕ್ಲಬ್ಬಲ್ಲಿ ಪ್ರದರ್ಶನ ಇಟ್ಟಿದೀವಿ. ಬೀಗ ಇರೋದನ್ನೇ ಕೊಡಣ, ಅದೂ ನಿಜವಾದ ವಿಮಾನವೇ ತಾನೇ?"

"ನಿಜವೇ. ಆದ್ರೆ ಪ್ರಕಟಣೆಯಲ್ಲಿ ನೀವು ಬರೆದಿರೋ ವರ್ಷ ಯಾವುದು? ರೆಕ್ಕೆ ಮೇಲೆ ಹಾಕಿರೋ ಗುರುತು ಯಾವ ಕಾಲದ್ದು? ಆ ಕಾಲದಲ್ಲಿ ಬೀಗ ಇರಲಿಲ್ಲ."

"ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತು. ಇವತ್ತಿಂದ ನಿಮಗೂ ಗೊತ್ತು."

"ಹಟ ಮಾಡ್ಬೇಡಿ ಅಕ್ಕಾ."

"ಮಾಡ್ತೀನಿ. ನಾನು ಇದನ್ನ ಸುಲಭಾನೂ ಮಾಡಲ್ಲ, ಕಷ್ಟಾನೂ ಮಾಡಲ್ಲ. ಹೋದ್ಸಲ ಕಷ್ಟ ಮಾಡಿದ್ದೆ, ನೀವು ಹೇಳಿದ್ದು ಸರಿ, ತಿದ್ದಿದೀನಿ. ಈಗ ಇರೋದು ಅಳತೆ. ಬೇಡ ಅಂದ್ರೆ ನಡತೆ ಬರೆಯೋಕೆ ಬೇರೆಯವ್ರನ್ನ ನೋಡ್ಕೊಳ್ಳಿ. ಹುಡುಕೋವರೆಗೂ ಕೂತು ನೋಡಿ." ಪ್ಲೈವುಡ್ಡಿನ ಕಾಕ್‌ಪಿಟ್ಟಿನತ್ತ ಕೈ ತೋರಿಸಿದಳು.

ಅವನು ಸಿಡಿಮಿಡಿಗೊಂಡೇ ಕುಳಿತ. ಇಳಿಸಿದ. ನೆಲ ಮುಟ್ಟುವವರೆಗೆ ಎಲ್ಲ ಸರಾಗ. ಮುಟ್ಟಿದ ಮೇಲೆ ಗೆದ್ದೆ ಎಂಬಂತೆ ಅವಳತ್ತ ತಿರುಗಿದ, ಅಷ್ಟರಲ್ಲಿ ಪರದೆಯ ಮೇಲೆ ದಿಗಂತ ಗರ್ರನೆ ಸುತ್ತಿ ತಲೆಕೆಳಗಾಯಿತು. "ಏಯ್!" ಎಂದ. ಮತ್ತೆ ಇಳಿಸಿದ, ಮತ್ತೆ ಮಗುಚಿದ. ಟೀ ಬಂತು, ತಣ್ಣಗಾಯಿತು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಸದ್ದು ಜೋಡಿಸುವವಳು ಬಂದು ಬಾಗಿಲಿಗೊರಗಿ ನಿಂತಳು, ಬಣ್ಣದವನೂ ಬಂದ. "ಎಡಗಾಲು ಧಣಿ, ಎಡಗಾಲು," ಎಂದು ಹಿಂದಿನಿಂದ ಹುರಿದುಂಬಿಸಿದರು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದ ಮೇಲೆ ಒಂದು ಸಲ, ಕೇವಲ ಒಂದು ಸಲ, ಅವನು ಅದನ್ನು ನೆಟ್ಟಗೆ ನಿಲ್ಲಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಸೀಟಿನಿಂದ ಏಳದೆ ಎರಡೂ ಕೈ ಮೇಲೆತ್ತಿ ಕೂಗಿಕೊಂಡ, ಮಗುವಿನ ಹಾಗೆ.

ಆಮೇಲೆ ಕೂಗು ನಿಂತು, ಅವನ ಮುಖ ಗಂಭೀರವಾಯಿತು. "ನಾನು ಏನೂ ತಪ್ಪು ಮಾಡದೇ ಇದ್ರೂ ಹೋಯ್ತಲ್ಲ ಅಕ್ಕಾ, ಅಷ್ಟೂ ಸಲ," ಅಂದ.

ಪ್ರಕಟಣೆಯಲ್ಲಿ 'ಯಾರು ಬೇಕಾದರೂ' ಎಂಬ ಸಾಲನ್ನು ಅವನೇ ತೆಗೆಸಿದ.

ಪ್ರದರ್ಶನದ ದಿನ ಫ್ಲೈಯಿಂಗ್ ಕ್ಲಬ್ಬಿನ ಸಭಾಂಗಣದಲ್ಲಿ ಮಡಿಸುವ ಕುರ್ಚಿಗಳು ತುಂಬಿದ್ದವು. ಅತ್ತೆ ಮುಂದಿನ ಸಾಲಿನ ಮಧ್ಯದಲ್ಲಿ, ಮಗನ ಪಕ್ಕ, ಮಡಿಲಲ್ಲಿ ಕೈಚೀಲ. ಇಲ್ಲಮ್ಮ ಕರೆದಿರಲಿಲ್ಲ, ಬರಬೇಡಿ ಎಂದೂ ಹೇಳಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷರು ಎತ್ತರದ ಆಳು, ನಿವೃತ್ತ ಪೈಲಟ್. ಕತ್ತೆಯ ಕಾಲ ಮುಗಿದ ಮೇಲೆ ವಾಯುಪಡೆ ಸೇರಿ, ಜೆಟ್ಟುಗಳನ್ನು ಹಾರಿಸಿದವರು. ಹೊಸಬರಿಗೆ ತರಗತಿ ತೆಗೆದುಕೊಳ್ಳುವಾಗ ಕತ್ತೆಯ ಕಥೆ ಹೇಳುವುದು ಅವರ ರೂಢಿ. ಅವತ್ತೂ ಮೈಕಿನ ಮುಂದೆ ಅದನ್ನೇ ಹೇಳಿದರು.

"ಈ ವಿಮಾನವನ್ನ ಸುಮ್ಮನೆ ಬೈತಾರೆ. ವಿಮಾನ ಒಳ್ಳೇದೇ. ಬಿದ್ದವರು ಇಳಿದಾಯ್ತು ಅಂತ ಮೈಮರೆತವರು. ಎಚ್ಚರ ಇದ್ದವನಿಗೆ ಇದು ಒಂದು ಆಟ."

ಅವಳ ಗಂಡ ತಲೆ ತಗ್ಗಿಸಿದ. ಅತ್ತೆ ತಗ್ಗಿಸಲಿಲ್ಲ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಇಲ್ಲಮ್ಮ ಮೈಕಿನ ಹತ್ತಿರ ನಡೆದಳು. ಅವಳು ಭಾಷಣ ಮಾಡುವವಳಲ್ಲ. "ಹಾಗಾದ್ರೆ ಮೊದಲು ತಾವೇ ಇಳಿಸಿಕೊಡಿ ಸಾರ್," ಅಂದಳು.

ಚಪ್ಪಾಳೆ ಬಿತ್ತು. ಅಧ್ಯಕ್ಷರು ನಗುತ್ತ ಕೋಟು ತೆಗೆದು ಕುಳಿತರು. ಕೈ ಪಳಗಿದ್ದು ನೋಡಿದರೇ ಗೊತ್ತಾಗುತ್ತಿತ್ತು. ಗಾಳಿ ಪಕ್ಕದಿಂದ ತಳ್ಳುತ್ತಿದ್ದರೂ ಕತ್ತೆಯನ್ನು ಬೆಣ್ಣೆಯಂತೆ ನೆಲಕ್ಕೆ ಮುಟ್ಟಿಸಿದರು. ಸಭೆಯಲ್ಲಿ ಮೆಚ್ಚುಗೆಯ ಸದ್ದು. ಅದು ಮುಗಿಯುವ ಮೊದಲೇ ದೊಡ್ಡ ಪರದೆಯ ಮೇಲೆ ಬಾಲ ಪಕ್ಕಕ್ಕೆ ಸರಿಯಿತು, ಮೂಗು ತಿರುಗಿತು, ರೆಕ್ಕೆ ನೆಲ ಕಚ್ಚಿತು. ಕತ್ತೆ ಮಗುಚಿ ಬಿತ್ತು.

ಅಧ್ಯಕ್ಷರು ಕಾಲಕೆಳಗೆ ನೋಡಿಕೊಂಡರು. "ಪೆಡಲ್ ಮೇಲೆ ಕಾಲು ಜಾರಿತು," ಎಂದರು.

"ಅವರ ಕಾಲೂ ಜಾರಿರಬೇಕು ಬಿಡಿ," ಎಂದರು ಅತ್ತೆ.

ಕೂಗಿ ಹೇಳಿದ್ದಲ್ಲ. ಆದರೆ ಸಭಾಂಗಣ ಅಷ್ಟು ನಿಶ್ಶಬ್ದವಾಗಿತ್ತು. ಅಧ್ಯಕ್ಷರು ತಿರುಗಿ ನೋಡಿದರು. ಆ ವಯಸ್ಸಿನ ಹೆಂಗಸು ಅಂಥ ಜಾಗದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು 'ಅವರು' ಎಂದರೆ ಯಾರನ್ನು ಎಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಅರ್ಧ ಎದ್ದಿದ್ದವರು ಮತ್ತೆ ಕುಳಿತರು. "ಇನ್ನೊಂದು ಸಲ ಕೊಡಿ," ಎಂದರು. ಮಾಲೀಕ ಹತ್ತಿರ ಬಂದು, ಗಾಳಿಯನ್ನಾದರೂ ಸ್ವಲ್ಪ ಇಳಿಸೋಣವೇ ಎಂದು ಇಲ್ಲಮ್ಮನ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ಅವನತ್ತ ನೋಡಲೂ ಇಲ್ಲ. ಗಾಳಿ ಇದ್ದಷ್ಟೇ ಇತ್ತು.

ಈ ಸಲ ಅಧ್ಯಕ್ಷರು ತುಟಿ ಬಿಗಿದು, ಎರಡೂ ಕಾಲುಗಳಿಂದ ಕತ್ತೆಯೊಡನೆ ಗುದ್ದಾಡಿದರು. ರನ್‌ವೇಯ ಮುಕ್ಕಾಲು ಪಾಲು ಅದನ್ನು ಹಿಡಿದು ನಿಲ್ಲಿಸಿದರು. ಅವರ ಹಣೆಯ ನರ ಹಿಂದಿನ ಸಾಲಿನವರಿಗೂ ಕಾಣುವಂತಿತ್ತು. ನಿಲ್ಲಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಬಾಲ ಕೈ ತಪ್ಪಿತು.

ಈ ಸಲ ಅವರು ಕಾಲಿನ ಸುದ್ದಿ ಎತ್ತಲಿಲ್ಲ. ಸ್ಟಿಕ್ಕನ್ನು ಬಿಟ್ಟು, ಕನ್ನಡಕ ತೆಗೆದು ಒರೆಸಿ, ಕೆಳಗಿಳಿದು ನೇರ ಮುಂದಿನ ಸಾಲಿಗೆ ಬಂದರು. ಕೋಟು ಸೀಟಿನ ಮೇಲೇ ಉಳಿದಿತ್ತು.

"ಅಮ್ಮಾ, ನಿಮ್ಮ ಯಜಮಾನ್ರು ಇದನ್ನ ಎಷ್ಟು ಸಲ ಇಳಿಸಿದ್ರು?"

ಅತ್ತೆ ತಲೆ ಎತ್ತಿ ಅವರನ್ನು ನೋಡಿದರು.

"ಒಂದು ಸಲ ಬಿಟ್ಟು ಎಲ್ಲಾ ಸಲ," ಅಂದರು.

ಅಧ್ಯಕ್ಷರು ಅಲ್ಲೇ ಖಾಲಿಯಿದ್ದ ಕುರ್ಚಿಯನ್ನು ಎಳೆದುಕೊಂಡು ಅತ್ತೆಯ ಪಕ್ಕದಲ್ಲಿ ಕುಳಿತರು. ಇಲ್ಲಮ್ಮ ಕತ್ತೆಯನ್ನು ಮತ್ತೆ ಆಕಾಶಕ್ಕೆ ಏರಿಸಿ ನಿಲ್ಲಿಸಿದಳು, ಮುಂದೆ ಯಾರು ಬರುತ್ತೀರಿ ಎಂದು ಸಭೆಯತ್ತ ತಿರುಗಿದಳು. ಎದ್ದು ಬಂದವನು ಅವಳ ಗಂಡ.